ಸೋಂಪಿನ ಕುಕೀಸ್ ಮರುದಿನವೂ ಮೆತ್ತಗಿರಬೇಕಾದರೆ

ಪ್ರಶ್ನೆ: ಸೋಂಪು ಹಾಕಿದ ಮೆತ್ತನೆಯ ಕುಕೀಸ್ ಮಾಡಲು ಮೂರು ಬಾರಿ ಪ್ರಯತ್ನಿಸಿದೆ. ಓವನ್‌ನಿಂದ ತೆಗೆದಾಗ ಚೆನ್ನಾಗಿಯೇ ಇರುತ್ತವೆ. ಸಂಜೆಗೆ ಬಿರುಸಾಗುತ್ತವೆ, ಮರುದಿನ ಕಚ್ಚಲಾಗದಷ್ಟು ಗಟ್ಟಿ. ಎರಡು ಕಪ್ ಮೈದಾ ಅಳೆದು ಹಾಕುತ್ತೇನೆ, ಹಿಟ್ಟು ಕೈಗೆ ಅಂಟುವುದರಿಂದ ಮತ್ತೆರಡು ಹಿಡಿ ಸೇರಿಸಿ ಚೆನ್ನಾಗಿ ನಾದುತ್ತೇನೆ. ಉಬ್ಬಲೆಂದು ಒಂದು ಟೀ ಚಮಚ ಅಡುಗೆ ಸೋಡಾ ಹಾಕುತ್ತೇನೆ. 180 ಡಿಗ್ರಿಯಲ್ಲಿ ಹೊಂಬಣ್ಣ ಬರುವವರೆಗೆ, ಅಂದರೆ ಸುಮಾರು 18 ನಿಮಿಷ ಬೇಯಿಸಿ, ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡುತ್ತೇನೆ. ಸೋಂಪನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಹಾಕಿದರೆ ಕಹಿ ಬರುತ್ತದೆ, ಕಡಿಮೆ ಹಾಕಿದರೆ ಪರಿಮಳವೇ ಇರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಮೊಟ್ಟೆ ಇಲ್ಲದೆ ಮಾಡಲು ಸಾಧ್ಯವೇ?

ಉತ್ತರ: ಮಾಡಿದ್ದನ್ನೆಲ್ಲ ಬಿಡದೆ ಬರೆದಿದ್ದೀರಿ, ಅದರಿಂದ ನನ್ನ ಕೆಲಸ ಸುಲಭವಾಯಿತು. ಕುಕೀಸ್ ಗಟ್ಟಿಯಾಗಲು ಕಾರಣ ಆ ಎರಡು ಹಿಡಿ ಮೈದಾ ಮತ್ತು ಹೊಂಬಣ್ಣಕ್ಕಾಗಿ ಕಾದ 18 ನಿಮಿಷ. ನಾದಿದ್ದು ಮತ್ತು ಫ್ರಿಜ್‌ನಲ್ಲಿಟ್ಟದ್ದು ಅದಕ್ಕೆ ಇನ್ನಷ್ಟು ಸೇರಿಸಿವೆ. ಕಹಿಯ ಅಪವಾದವನ್ನು ಸೋಂಪು ಹೊತ್ತುಕೊಂಡಿದೆ, ಆದರೆ ನನ್ನ ಅನುಮಾನವೆಲ್ಲ ಸೋಡಾದ ಮೇಲೆ.

ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ಸೋಂಪಿನ ಕುಕೀಸ್ ಎಂಬ ಹೆಸರಿನಲ್ಲಿ ಬೇರೆ ಬೇರೆ ತಿನಿಸುಗಳಿವೆ, ಅವೆಲ್ಲ ಮೆತ್ತಗಿರಬೇಕಾದವಲ್ಲ. ಜರ್ಮನಿಯ ಸ್ಪ್ರಿಂಗರ್ಲೆಯನ್ನು ಅಚ್ಚೊತ್ತಿ, ಗಂಟೆಗಟ್ಟಲೆ ಒಣಗಲು ಬಿಟ್ಟು ಬೇಯಿಸುತ್ತಾರೆ. ಅದು ಗಟ್ಟಿಯಾಗಿಯೇ ಇರುತ್ತದೆ. ಇಟಲಿಯ ಬಿಸ್ಕಾಟಿಯನ್ನು ಎರಡು ಸಲ ಬೇಯಿಸುವುದೇ ಕುರುಕಲಾಗಲೆಂದು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 1989ರಲ್ಲಿ ತನ್ನ ಅಧಿಕೃತ ಕುಕೀ ಎಂದು ಘೋಷಿಸಿದ ಬಿಸ್ಕೊಚಿಟೊದಲ್ಲೂ ಸೋಂಪಿದೆ, ಆದರೆ ಅದು ಬಾಯಿಗಿಟ್ಟರೆ ಪುಡಿಯಾಗುವ ಜಾತಿ. ನೀವು ಹುಡುಕುತ್ತಿರುವುದು ಇಟಲಿಯ ಮನೆಗಳಲ್ಲಿ ಹಬ್ಬಕ್ಕೂ ಮದುವೆಗೂ ಮಾಡುವ, ಒಳಗೆ ಕೇಕಿನಂತಿದ್ದು ಮೇಲೆ ಬಿಳಿಯ ಸಕ್ಕರೆ ಲೇಪವಿರುವ ಪುಟ್ಟ ಉಂಡೆಗಳನ್ನು. ಕುರುಕಲು ಕುಕೀಯ ಪಾಕವಿಧಾನ ಹಿಡಿದು ಅದನ್ನು ಮೆತ್ತಗೆ ಮಾಡಲು ಹೊರಟರೆ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಈ ಜಾತಿಯದ್ದಕ್ಕೆ ಮೊಟ್ಟೆ ಹೆಚ್ಚು, ಬೆಣ್ಣೆ ಹಿತಮಿತ, ಉಬ್ಬಲು ಬೇಕಿಂಗ್ ಪೌಡರ್, ಹಿಟ್ಟು ಅಂಟಂಟು.

ಹೌದು, ಹಿಟ್ಟು ಅಂಟಬೇಕು. ನಿಮಗೆ ಕಷ್ಟವೆನಿಸಿದ್ದೇ ಈ ಕುಕೀಯ ಸರಿಯಾದ ಹದ.

ಕಪ್ಪಿನಲ್ಲಿ ಅಳೆದ ಮೈದಾವನ್ನು ನಾನು ನಂಬುವುದಿಲ್ಲ. ಅದೇ ಕಪ್ಪಿಗೆ ಚಮಚದಿಂದ ಹಗುರವಾಗಿ ತುಂಬಿ ಮೇಲ್ಭಾಗ ಸವರಿದರೆ ಸುಮಾರು 120 ಗ್ರಾಂ ಹಿಡಿಯುತ್ತದೆ, ಡಬ್ಬಿಯೊಳಗೆ ಕಪ್ಪನ್ನೇ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ದಾಟುತ್ತದೆ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ. ಅದರ ಮೇಲೆ ಎರಡು ಹಿಡಿ ಎಂದರೆ ಇನ್ನೊಂದು ಅರ್ಧ ಕಪ್ಪು. ಇಷ್ಟು ಹೆಚ್ಚುವರಿ ಮೈದಾ ಮೊಟ್ಟೆಯಲ್ಲೂ ಹಾಲಿನಲ್ಲೂ ಇದ್ದ ನೀರನ್ನೆಲ್ಲ ಕುಡಿದುಬಿಡುತ್ತದೆ. ಬಿಸಿಯಿರುವಾಗ ಬೆಣ್ಣೆ ಕರಗಿರುವುದರಿಂದ ಕೊರತೆ ಗೊತ್ತಾಗುವುದಿಲ್ಲ. ಆರಿ ಬೆಣ್ಣೆ ಗಟ್ಟಿಯಾದಾಗ ನಿಜಸ್ಥಿತಿ ಹೊರಬೀಳುತ್ತದೆ. ನೀವು ಸಂಜೆಗೆ ಕಂಡ ಬಿರುಸುತನ ಇದೇ. ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಬೇಕಿಂಗ್‌ಗೆಂದು ಒಂದೇ ಒಂದು ಸಾಮಾನು ಕೊಳ್ಳುವುದಾದರೆ ನಾನು ಬೀಟರ್‌ಗಿಂತ ಮೊದಲು ತಕ್ಕಡಿಯನ್ನೇ ಹೇಳುತ್ತೇನೆ.

ನಾದುವುದಂತೂ ಬೇಡವೇ ಬೇಡ. ಒದ್ದೆಯಾದ ಮೈದಾವನ್ನು ತಿಕ್ಕಿದಷ್ಟೂ ಅದರೊಳಗಿನ ಗ್ಲುಟೆನ್ ಎಳೆಎಳೆಯಾಗಿ ಬಿಗಿಯುತ್ತದೆ. ಬ್ರೆಡ್ಡಿಗೆ ಬೇಕಾದ ಗುಣ ಅದು, ಇಲ್ಲಿಗಲ್ಲ. ಒಣ ಮೈದಾದ ಬಿಳಿ ಗೆರೆಗಳು ಮಾಯವಾದ ಕೂಡಲೇ ಕೈ ನಿಲ್ಲಿಸಿ. ಅಂಟು ಕಡಿಮೆಯಾಗಬೇಕೆಂದರೆ ಮೈದಾ ಸುರಿಯುವ ಬದಲು ಪಾತ್ರೆಗೆ ಮುಚ್ಚಳ ಹಾಕಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಆ ಹೊತ್ತಿನಲ್ಲಿ ಮೈದಾ ತನ್ನ ಪಾಲಿನ ನೀರನ್ನು ಹೀರಿಕೊಂಡಿರುತ್ತದೆ, ಬೆಣ್ಣೆ ತುಸು ಗಟ್ಟಿಯಾಗಿರುತ್ತದೆ. ಮೊದಲು ಬೆರಳಿಗೆ ಮೆತ್ತಿಕೊಳ್ಳುತ್ತಿದ್ದ ಹಿಟ್ಟು, ಎಣ್ಣೆ ಸವರಿದ ಅಂಗೈಯಲ್ಲಿ ಉಂಡೆಯಾಗಿ ಹೊರಳುತ್ತದೆ. ಒಮ್ಮೆ ಕೈಯಾರೆ ನೋಡಿದರೆ ಮೈದಾ ಡಬ್ಬಿಯ ಕಡೆ ನಿಮ್ಮ ಕೈ ಮತ್ತೆ ಹೋಗುವುದಿಲ್ಲ.

ಇನ್ನು ಬಣ್ಣದ ಮಾತು. ಹೊಂಬಣ್ಣ ಬಂದರೆ ಬೆಂದಿತು ಎಂಬ ಲೆಕ್ಕ ನಮ್ಮ ಕಣ್ಣಿಗೆ ಎಷ್ಟು ರೂಢಿಯಾಗಿದೆಯೆಂದರೆ, ಬೆಳ್ಳಗಿರುವುದನ್ನು ಓವನ್‌ನಿಂದ ಹೊರತೆಗೆಯಲು ಮನಸ್ಸೇ ಒಪ್ಪುವುದಿಲ್ಲ. ಆದರೆ ಮೆತ್ತನೆಯ ಸೋಂಪಿನ ಕುಕೀಯ ಮೇಲ್ಭಾಗ ಬೆಂದ ಮೇಲೂ ಬೆಳ್ಳಗೇ ಇರಬೇಕು. ಮೇಲ್ಮೈ ಕೆಂಪಗಾಗಬೇಕಾದರೆ ಅಲ್ಲಿನ ತೇವ ಪೂರ್ತಿ ಆರಿ, ಬಿಸಿ ನೂರು ಡಿಗ್ರಿಯನ್ನು ಸಾಕಷ್ಟು ದಾಟಿರಬೇಕು. ಇಷ್ಟು ಚಿಕ್ಕ ಉಂಡೆಯಲ್ಲಿ ಹೊರಗೆ ಅಷ್ಟು ಒಣಗುವ ಹೊತ್ತಿಗೆ ಒಳಗೂ ಒಣಗಿರುತ್ತದೆ. ನೀವು ನೋಡಬೇಕಾದದ್ದು ತಳವನ್ನು. 10 ನಿಮಿಷವಾದಾಗ ಒಂದನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಎತ್ತಿ ನೋಡಿ. ತಳದ ಅಂಚಿನ ಸುತ್ತ ತೆಳುವಾಗಿ ಜೇನಿನ ಬಣ್ಣದ ಉಂಗುರ ಕಾಣುತ್ತದೆ. ಮೇಲೆ ಬೆರಳಿಟ್ಟು ಹಗುರವಾಗಿ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ, ಹೊಳಪು ಹೋಗಿ ಮಂಕಾಗಿರುತ್ತದೆ, ಒಂದೆರಡು ಕಡೆ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಅಷ್ಟಾದರೆ ಹೊರಗೆ ತೆಗೆಯಿರಿ. ಬಿಸಿ ಟ್ರೇಯ ಮೇಲೆ ಇರುವಷ್ಟು ಹೊತ್ತೂ ಅವು ಬೇಯುತ್ತಲೇ ಇರುತ್ತವೆ, ಹಾಗಾಗಿ ಎರಡು ನಿಮಿಷ ಬಿಟ್ಟು ಜಾಲರಿಗೆ ಸಾಗಿಸಿ. ತಳ ಪೂರ್ತಿ ಕಂದು ಬಣ್ಣಕ್ಕೆ ತಿರುಗಿದ್ದರೆ ಒಂದೂವರೆ ಎರಡು ನಿಮಿಷ ತಡವಾಯಿತು ಎಂದು ತಿಳಿಯಿರಿ. ಗಡಿಯಾರವನ್ನೂ ಪೂರ್ತಿ ನಂಬಬೇಡಿ. ಮನೆಯ ಓವನ್‌ಗಳಲ್ಲಿ ಗುಂಡಿ ತೋರಿಸುವ ಉಷ್ಣತೆಗೂ ಒಳಗಿನ ಉಷ್ಣತೆಗೂ 10–20 ಡಿಗ್ರಿ ವ್ಯತ್ಯಾಸವಿರುವುದು ಸಾಮಾನ್ಯ. ಒಳಗಿಡುವ ಓವನ್ ಥರ್ಮಾಮೀಟರ್ ಇದ್ದರೆ ಈ ಗೊಂದಲ ತೀರುತ್ತದೆ.

ಸೋಡಾಕ್ಕೆ ಬರೋಣ. ಅಡುಗೆ ಸೋಡಾ ಕೆಲಸ ಮಾಡಿ ಕರಗಿಹೋಗಬೇಕಾದರೆ ಜೊತೆಗೆ ಹುಳಿ ಬೇಕು: ಮೊಸರು, ಮಜ್ಜಿಗೆ, ನಿಂಬೆರಸ, ಏನಾದರೂ ಒಂದು. ಮೊಟ್ಟೆ, ಬೆಣ್ಣೆ, ಸಕ್ಕರೆ, ಮೈದಾ ಮಾತ್ರ ಇರುವ ಹಿಟ್ಟಿನಲ್ಲಿ ಹುಳಿ ಇಲ್ಲ. ಉಳಿದುಕೊಂಡ ಕ್ಷಾರ ನಾಲಿಗೆಗೆ ಸಾಬೂನಿನಂಥ ಕಹಿಯಾಗಿ ಸಿಗುತ್ತದೆ. ಕ್ಷಾರ ಹೆಚ್ಚಿದ ಹಿಟ್ಟು ಬೇಗ ಕೆಂಪಗಾಗುತ್ತದೆ ಎಂಬುದೂ ನೆನಪಿರಲಿ. ಬೇಕಿಂಗ್ ಪೌಡರ್‌ನಲ್ಲಿ ಸೋಡಾದ ಜೊತೆಗೆ ಅದಕ್ಕೆ ಬೇಕಾದ ಹುಳಿಯೂ ಪುಡಿಯ ರೂಪದಲ್ಲಿ ಸೇರಿರುತ್ತದೆ. ಇಲ್ಲಿಗೆ ಅದೇ ಸರಿ. ಡಬ್ಬಿ ತೆರೆದು ಬಹಳ ದಿನವಾಗಿದ್ದರೆ ಅರ್ಧ ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡಿ. ಬುಸುಗುಟ್ಟಿ ನೊರೆಯೇಳದಿದ್ದರೆ ಹೊಸದು ತನ್ನಿ.

ಸೋಂಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಕುಕೀಯ ಜೀವ ಅದರಲ್ಲಿದೆ. ಕನ್ನಡದಲ್ಲಿ ಸೋಂಪು ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕಾಳುಗಳು ಓಡಾಡುತ್ತವೆ. ಬಡೆಸೋಂಪು ಉದ್ದವಾಗಿ, ಹಸಿರಾಗಿ, ಎದ್ದುಕಾಣುವ ಗೆರೆಗಳಿಂದ ಕೂಡಿರುತ್ತದೆ. ಈ ಕುಕೀಗೆ ಬೇಕಾದ ಸೋಂಪು ಅದಕ್ಕಿಂತ ಬಹಳ ಚಿಕ್ಕದು, ಬೂದು ಕಂದು ಬಣ್ಣ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಚೂಪಾಗಿ, ಎಷ್ಟೋ ಕಾಳುಗಳಿಗೆ ಕೂದಲಿನಷ್ಟು ತೆಳುವಾದ ತೊಟ್ಟು ಅಂಟಿಕೊಂಡೇ ಇರುತ್ತದೆ. ಎರಡೂ ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೇ ಸೇರಿದವು. ಮೂರನೆಯದಾಗಿ ನಕ್ಷತ್ರ ಮೊಗ್ಗು ಇದೆ, ಅದು ಮರದ ಕಾಯಿ, ಕುಟುಂಬವೇ ಬೇರೆ. ಆದರೂ ಮೂರರಲ್ಲೂ ಒಂದೇ ತೆರನಾದ ಸಿಹಿ ವಾಸನೆ ಬರಲು ಕಾರಣ ಅನೆಥೋಲ್ ಎಂಬ ಒಂದೇ ಎಣ್ಣೆಯಂಶ. ಬಡೆಸೋಂಪಿನಲ್ಲಿ ಇದರ ಜೊತೆಗೆ ಫೆಂಕೋನ್ ಎಂಬ ಇನ್ನೊಂದು ಅಂಶವೂ ಇರುತ್ತದೆ. ಅದಕ್ಕೆ ತುಸು ಕಹಿ, ಕರ್ಪೂರದ ಛಾಯೆ. ನೀವು ಬಳಸುತ್ತಿರುವುದು ಬಡೆಸೋಂಪಾದರೆ ಕಹಿಯಲ್ಲಿ ಅದರದ್ದೂ ಒಂದು ಪಾಲಿರಬಹುದು. ಸಣ್ಣ ಸೋಂಪು ಸಿಗದಿದ್ದಾಗ ಬಡೆಸೋಂಪಿನಲ್ಲೇ ಮಾಡಬಹುದು, ಕುಕೀಸ್ ಚೆನ್ನಾಗಿಯೇ ಆಗುತ್ತವೆ, ಘಮ ಮಾತ್ರ ತುಸು ಬೇರೆ. ನಕ್ಷತ್ರ ಮೊಗ್ಗಿನ ಪುಡಿಯನ್ನು ನಾನು ಇಲ್ಲಿ ಬಳಸುವುದಿಲ್ಲ. ಅದರ ಖಾರ, ಮರದ ವಾಸನೆ ಬೆಣ್ಣೆಯ ಮೃದುತನವನ್ನು ಮುಚ್ಚಿಬಿಡುತ್ತದೆ.

ಅನೆಥೋಲ್‌ನ ಸ್ವಭಾವ ತಿಳಿದರೆ ಪರಿಮಳದ ಸಮಸ್ಯೆ ಅರ್ಧ ಬಗೆಹರಿಯುತ್ತದೆ. ಆಲ್ಕೋಹಾಲ್‌ನಲ್ಲಿ ತಯಾರಿಸಿದ ಸೋಂಪಿನ ಎಸೆನ್ಸ್ ಮನೆಯಲ್ಲಿದ್ದರೆ ಒಂದು ಲೋಟ ತಣ್ಣೀರಿಗೆ ಅರ್ಧ ಚಮಚ ಬಿಟ್ಟು ನೋಡಿ. ತಿಳಿಯಾಗಿದ್ದ ಎಸೆನ್ಸ್ ನೀರಿಗೆ ಬಿದ್ದ ಕೂಡಲೇ ಹಾಲಿನಂತೆ ಬೆಳ್ಳಗೆ ಹರಡುತ್ತದೆ. ಆಲ್ಕೋಹಾಲ್‌ನಲ್ಲಿ ಕರಗಿದ್ದ ಅನೆಥೋಲ್ ನೀರಿನೊಂದಿಗೆ ಸೇರಲೊಲ್ಲದೆ ಸಣ್ಣಸಣ್ಣ ಹನಿಗಳಾಗಿ ಹೊರಬರುವುದೇ ಆ ಬಿಳುಪು. ನೀರನ್ನು ಒಲ್ಲದ ಈ ವಸ್ತು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಸೋಂಪನ್ನು ಮೈದಾಕ್ಕೆ ಬೆರೆಸುವ ಬದಲು ಬೆಣ್ಣೆಗೆ ಹಾಕಬೇಕು. ಒಣ ಬಾಣಲೆಯನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಸೋಂಪನ್ನು ಅರ್ಧ ಮುಕ್ಕಾಲು ನಿಮಿಷ ಬೆಚ್ಚಗೆ ಮಾಡಿ. ಹುರಿಯುವುದು ಬೇಡ, ಘಮ ಮೂಗಿಗೆ ಬಂದರೆ ಸಾಕು. ಬಣ್ಣ ತಿರುಗಿದರೆ ಕಹಿ ಖಂಡಿತ. ಆಮೇಲೆ ಕುಟ್ಟಾಣಿಯಲ್ಲಿ ಪ್ರತಿ ಕಾಳೂ ಎರಡು ಮೂರು ಚೂರಾಗುವಷ್ಟು ಮಾತ್ರ ಜಜ್ಜಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಪುಡಿ ಬಾಯಿಗೆ ಒರಟಾಗಿ ಹರಡಿಕೊಳ್ಳುತ್ತದೆ, ಪುಡಿ ಮಾಡಿ ಇಟ್ಟಷ್ಟು ದಿನವೂ ಘಮ ಹಾರಿಹೋಗುತ್ತದೆ. ಜಜ್ಜಿದ ಸೋಂಪನ್ನು ಕರಗಿದ ಬೆಚ್ಚನೆಯ ಬೆಣ್ಣೆಗೆ ಹಾಕಿ 20 ನಿಮಿಷ ಮುಚ್ಚಿಡಿ. ಮುಚ್ಚಳ ತೆಗೆದಾಗ ಬೆಣ್ಣೆಯೇ ಸೋಂಪಾಗಿರುತ್ತದೆ. ಕಾಳುಗಳನ್ನು ಸೋಸಬೇಡಿ. ನಡುನಡುವೆ ಹಲ್ಲಿಗೆ ಸಿಗುವ ಒಂದೊಂದು ಚೂರು ನನಗೆ ಬಹಳ ಇಷ್ಟ.

ಈಗ ಅಳತೆ. ಮೈದಾ 300 ಗ್ರಾಂ, ಬೇಕಿಂಗ್ ಪೌಡರ್ 10 ಗ್ರಾಂ (ಸುಮಾರು ಎರಡೂವರೆ ಟೀ ಚಮಚ), ಉಪ್ಪು ಕಾಲು ಟೀ ಚಮಚ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಸಕ್ಕರೆ 120 ಗ್ರಾಂ, ಮೊಟ್ಟೆ ದೊಡ್ಡವು 2, ಹಾಲು 2 ಟೇಬಲ್ ಚಮಚ, ಸೋಂಪು 2 ಟೀ ಚಮಚ. ಎಸೆನ್ಸ್ ಇದ್ದರೆ ಒಂದು ಟೀ ಚಮಚ, ಇಲ್ಲದಿದ್ದರೂ ನಡೆಯುತ್ತದೆ. ಎಸೆನ್ಸ್ ಬದಲು ಸೋಂಪಿನ ಎಣ್ಣೆ ಬಳಸುವವರು ಕಾಲು ಟೀ ಚಮಚ ದಾಟಬಾರದು, ಬಾಟಲಿಯ ಮೇಲೆ ಅದು ಆಹಾರಕ್ಕೆ ಯೋಗ್ಯ ಎಂದು ಬರೆದಿರಬೇಕು.

ಸಕ್ಕರೆಯನ್ನು ಕಡಿಮೆ ಮಾಡುವ ಆಸೆ ಬೇಡ. ಇಲ್ಲಿ ಸಕ್ಕರೆ ಸಿಹಿಗಷ್ಟೇ ಅಲ್ಲ, ತೇವವನ್ನು ಹಿಡಿದಿಟ್ಟುಕೊಳ್ಳುವುದೂ ಅದೇ. 20 ಗ್ರಾಂ ಸಕ್ಕರೆಯ ಬದಲು ಅಷ್ಟೇ ತೂಕದ ಜೇನುತುಪ್ಪ ಹಾಕಿದರೆ ಮೆದುತನ ಇನ್ನೂ ಒಂದು ದಿನ ಹೆಚ್ಚು ನಿಲ್ಲುತ್ತದೆ, ಆದರೆ ಬಣ್ಣ ಬೇಗ ಬರುತ್ತದೆ, ಓವನ್ ಮುಂದೆಯೇ ನಿಂತಿರಿ. ಮೊಟ್ಟೆಯಲ್ಲೂ ಒಂದು ಆಯ್ಕೆ ಇದೆ. ಎರಡು ಇಡೀ ಮೊಟ್ಟೆಗಳ ಬದಲು ಒಂದು ಇಡೀ ಮೊಟ್ಟೆ, ಎರಡು ಹಳದಿ ಹಾಕಿ ನೋಡಿ. ಬಿಳಿಯ ಭಾಗ ಬೆಂದಾಗ ಬಿಗಿಯುತ್ತದೆ, ಹಳದಿಯ ಕೊಬ್ಬು ಮೃದುತ್ವ ಕೊಡುತ್ತದೆ. ಹಾಗೆ ಮಾಡುವಾಗ ಹಾಲನ್ನು ಒಂದು ಚಮಚ ಹೆಚ್ಚಿಸಿ.

ಮಾಡುವ ಕ್ರಮ ಸರಳ. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಮೊಟ್ಟೆ, ಸಕ್ಕರೆಯನ್ನು ಎರಡು ಮೂರು ನಿಮಿಷ ಬಣ್ಣ ತಿಳಿಯಾಗುವವರೆಗೆ ಕಡೆಯಿರಿ. ಉಗುರು ಬೆಚ್ಚಗಿರುವ ಸೋಂಪಿನ ಬೆಣ್ಣೆಯನ್ನೂ ಹಾಲನ್ನೂ ಸೇರಿಸಿ. ಬೆಣ್ಣೆ ಬಿಸಿಯಿದ್ದರೆ ಮೊಟ್ಟೆ ಅಲ್ಲಲ್ಲೇ ಬೆಂದು ಗಂಟಾಗುತ್ತದೆ, ಬೆರಳಿಟ್ಟು ನೋಡಿಯೇ ಸುರಿಯಿರಿ. ಮೈದಾವನ್ನು ಎರಡು ಕಂತಿನಲ್ಲಿ ಹಾಕಿ, ಮರದ ಸೌಟಿನಿಂದ ಮಡಚಿದಂತೆ ಕಲಸಿ. ಅರ್ಧ ಗಂಟೆ ಫ್ರಿಜ್. ಓವನ್‌ 175 ಡಿಗ್ರಿಗೆ ಕನಿಷ್ಠ 15 ನಿಮಿಷ ಮೊದಲೇ ಕಾದಿರಲಿ. 22 ಗ್ರಾಂ ತೂಕದ ಉಂಡೆ ಮಾಡಿದರೆ ಸುಮಾರು 30 ಆಗುತ್ತವೆ. ಬಟರ್ ಪೇಪರ್ ಹಾಸಿದ ಟ್ರೇಯಲ್ಲಿ ಎರಡು ಬೆರಳಿನಷ್ಟು ಅಂತರ ಬಿಟ್ಟು ಇಡಿ, ಒತ್ತಬೇಡಿ. ನಡುವಿನ ಅಂತಸ್ತಿನಲ್ಲಿ, ಒಂದು ಸಲಕ್ಕೆ ಒಂದೇ ಟ್ರೇ. 10ರಿಂದ 12 ನಿಮಿಷ.

ಆಗಷ್ಟೇ ತೆಗೆದ ಬಿಸಿ ಕುಕೀಯನ್ನು ತಿಂದು ಪರಿಮಳ ಸಾಲದು ಎಂದು ನಿರ್ಧರಿಸಬೇಡಿ. ಸೋಂಪಿನ ಘಮ ಆರಿದ ಮೇಲೆ ನೆಲೆಗೊಳ್ಳುತ್ತದೆ. ಮುಚ್ಚಿಟ್ಟು ಮರುದಿನ ತೆರೆದರೆ ಡಬ್ಬಿಯಿಂದ ಬರುವ ವಾಸನೆಯೇ ಬೇರೆ.

ಮೇಲಿನ ಬಿಳಿ ಲೇಪ ಅಂದಕ್ಕಷ್ಟೇ ಎಂದುಕೊಂಡು ಬಿಟ್ಟುಬಿಡುವವರಿದ್ದಾರೆ. ನಾನು ಬಿಡುವುದಿಲ್ಲ. ಹಿಟ್ಟಿನಲ್ಲಿರುವ ಸೋಂಪು ಓವನ್‌ನ ಬಿಸಿ ಉಂಡು ಬಂದಿರುತ್ತದೆ. ಲೇಪಕ್ಕೆ ಹಾಕಿದ ಎರಡು ಮೂರು ಹನಿ ಎಸೆನ್ಸ್ ಬೆಂಕಿಯನ್ನೇ ಕಂಡಿಲ್ಲ, ಹಾಗಾಗಿ ನಾಲಿಗೆಗೆ ಮೊದಲು ತಾಗುವುದು ಅದರ ತಾಜಾ ಘಮ. ಲೇಪವು ಮೇಲ್ಭಾಗದಿಂದ ತೇವ ಆರಿಹೋಗುವುದನ್ನೂ ನಿಧಾನ ಮಾಡುತ್ತದೆ. ಐಸಿಂಗ್ ಸಕ್ಕರೆ 150 ಗ್ರಾಂ, ಹಾಲು ಸುಮಾರು 2 ಟೇಬಲ್ ಚಮಚ, ನಿಂಬೆರಸ ಅರ್ಧ ಟೀ ಚಮಚ. ಹಾಲನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಚಮಚದಿಂದ ಎತ್ತಿ ಬಿಟ್ಟ ಧಾರೆಯ ಗುರುತು ಎಂಟು ಹತ್ತು ಸೆಕೆಂಡುಗಳಲ್ಲಿ ಮಾಯವಾದರೆ ಹದ ಬಂದಂತೆ. ಕುಕೀಸ್ ಪೂರ್ತಿ ತಣ್ಣಗಾದ ಮೇಲೆ ಒಂದೊಂದನ್ನೇ ತಲೆಕೆಳಗಾಗಿ ಹಿಡಿದು ಮೇಲ್ಭಾಗವನ್ನು ಮಾತ್ರ ಅದ್ದಿ ತೆಗೆಯಿರಿ. ಬೆಚ್ಚಗಿರುವಾಗ ಅದ್ದಿದರೆ ಲೇಪ ಕರಗಿ ಬದಿಗಿಳಿದು, ಒಣಗಿದಾಗ ಕಲೆಕಲೆಯಾಗುತ್ತದೆ.

ಲೇಪ ಗಟ್ಟಿಯಾಗಲು ಒಂದೆರಡು ಗಂಟೆ ಬೇಕು. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ, ಪದರಗಳ ನಡುವೆ ಬಟರ್ ಪೇಪರ್ ಹಾಕಿ, ಹೊರಗೇ ಇಡಿ. ನಾಲ್ಕು ದಿನ ಚೆನ್ನಾಗಿರುತ್ತವೆ. ಫ್ರಿಜ್ ಬೇಡವೆನ್ನಲು ಕಾರಣವಿದೆ. ಬೇಯುವಾಗ ನೀರು ಕುಡಿದು ಮೆದುವಾದ ಪಿಷ್ಟ ತಣ್ಣಗಾದ ಮೇಲೆ ಮತ್ತೆ ಬಿಗಿಯತೊಡಗುತ್ತದೆ, ಫ್ರಿಜ್‌ನ ತಂಪಿನಲ್ಲಿ ಈ ಬಿಗಿತ ಹೊರಗಿಗಿಂತ ಬೇಗ. ಬ್ರೆಡ್ ಫ್ರಿಜ್‌ನಲ್ಲಿ ಬೇಗ ಹಳಸಲಾಗಿ ಕಾಣುವುದೂ ಇದರಿಂದಲೇ. ಬಹಳ ದಿನ ಇಡಬೇಕಾದರೆ ಲೇಪವಿಲ್ಲದೆ ಫ್ರೀಜರ್‌ನಲ್ಲಿಡಿ. ಅಷ್ಟು ಚಳಿಯಲ್ಲಿ ಪಿಷ್ಟದ ಈ ಬದಲಾವಣೆ ನಿಂತೇಹೋಗುತ್ತದೆ, ಎರಡು ತಿಂಗಳು ತೊಂದರೆಯಿಲ್ಲ. ಸದ್ಯ ನಿಮ್ಮ ಬಳಿ ಗಟ್ಟಿಯಾದ ಕುಕೀಸ್ ಉಳಿದಿದ್ದರೆ ಎಸೆಯಬೇಡಿ. ಡಬ್ಬಿಯಲ್ಲಿ ಒಂದು ತಾಜಾ ಬ್ರೆಡ್ ಹೋಳನ್ನು ಜೊತೆಗಿಟ್ಟು ರಾತ್ರಿಯಿಡೀ ಬಿಡಿ. ಬ್ರೆಡ್ಡಿನ ತೇವ ಕುಕೀಗಳಿಗೆ ದಾಟುತ್ತದೆ, ಬೆಳಿಗ್ಗೆ ಬ್ರೆಡ್ ಒಣಗಿರುತ್ತದೆ, ಕುಕೀಸ್ ಮೊದಲಿಗಿಂತ ಮೆದುವಾಗಿರುತ್ತವೆ.

ಮೊಟ್ಟೆ ಇಲ್ಲದೆಯೂ ಮಾಡಬಹುದು. ಎರಡು ಮೊಟ್ಟೆಗಳ ಬದಲು 100 ಗ್ರಾಂ ಗಟ್ಟಿ ಮೊಸರು ಹಾಕಿ, ಬೇಕಿಂಗ್ ಪೌಡರ್ ಅನ್ನು ಒಂದೂವರೆ ಟೀ ಚಮಚಕ್ಕೆ ಇಳಿಸಿ, ಕಾಲು ಟೀ ಚಮಚ ಸೋಡಾ ಸೇರಿಸಿ. ಈಗ ಹುಳಿ ಇರುವುದರಿಂದ ಸೋಡಾ ಕಹಿಯಾಗುವುದಿಲ್ಲ. ಸಕ್ಕರೆಯನ್ನು ಮೊಸರಿನಲ್ಲೇ ಕರಗಿಸಿಕೊಳ್ಳಿ. ಮೊಟ್ಟೆಯದರಷ್ಟು ಹಗುರವಾಗಿ ಉಬ್ಬುವುದಿಲ್ಲ, ಒಳಗೆ ತುಸು ಒತ್ತಾಗಿರುತ್ತದೆ, ಆದರೆ ಮೆತ್ತಗಿರುತ್ತದೆ, ಸೋಂಪಿಗೆ ಮೊಸರಿನ ನಸುಹುಳಿ ಚೆನ್ನಾಗಿಯೇ ಒಗ್ಗುತ್ತದೆ.

ನಾಲ್ಕನೆಯ ಬಾರಿ ಮಾಡುವಾಗ ಎಲ್ಲ ಉಂಡೆಗಳನ್ನೂ ಒಮ್ಮೆಗೇ ಒಳಗಿಡಬೇಡಿ. ಮೊದಲು ಆರು ಉಂಡೆ ಮಾತ್ರ ಇಟ್ಟು, 10ನೇ ನಿಮಿಷಕ್ಕೆ ಎರಡು, 11ಕ್ಕೆ ಎರಡು, 12ಕ್ಕೆ ಉಳಿದೆರಡು ತೆಗೆಯಿರಿ, ಬಾಗಿಲು ಹೆಚ್ಚು ಹೊತ್ತು ತೆರೆದಿರದಂತೆ ನೋಡಿಕೊಳ್ಳಿ. ಮೂರು ಚೀಟಿ ಬರೆದು ಬೇರೆ ಬೇರೆ ಡಬ್ಬಿಗಳಲ್ಲಿ ಮುಚ್ಚಿಡಿ. ಉಳಿದ ಹಿಟ್ಟು ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್‌ನಲ್ಲಿ ಮರುದಿನದವರೆಗೆ ಇರುತ್ತದೆ. ಬೆಳಿಗ್ಗೆ ಮೂರನ್ನೂ ಮುರಿದು ತಿಂದು ನೋಡಿ, ಯಾವ ಚೀಟಿಯದು ನಿಮಗೆ ಬೇಕಾದಷ್ಟು ಮೆತ್ತಗಿದೆಯೋ ಉಳಿದವನ್ನೆಲ್ಲ ಅಷ್ಟೇ ನಿಮಿಷ ಬೇಯಿಸಿ.